ಬರೀ ಸ್ಯಾಕ್ಸೊಫೋನ್

ನಮ್ಮ ಕಾಪುವಿನ ಮನೆಯಲ್ಲಿ ಒಂದು ಕಾಲಕ್ಕೆ ನೀರು ಕುಡಿಯುವ ಮೊದಲು ಲೋಟದೊಳಗೆ ಇಣುಕಿ ನೋಡುವ ಪದ್ಧತಿ ಇತ್ತು. ನಗಬೇಡಿ. ನಿಮ್ಮ ಅಡುಗೆಕೋಣೆಯ ಕಿಟಕಿಯ ದಂಡೆಯ ಮೇಲೂ ಒಬ್ಬರ ಹಲ್ಲಿನ ಸೆಟ್ಟು ಸ್ಟೀಲಿನ ಲೋಟದ ನೀರಿನಲ್ಲಿ ಮುಳುಗಿ, ಹೊರಗಿನ ಬೆಳಕಿಗೆ ತನ್ನಷ್ಟಕ್ಕೆ ನಗುತ್ತ ಕುಳಿತಿದ್ದರೆ ನೀವೂ ಇಣುಕಿಯೇ ಕುಡಿಯುತ್ತಿದ್ದಿರಿ. ಕಟಪಾಡಿಯ ನೆಂಟರೊಬ್ಬರು ಬಿಸಿಲಿನಲ್ಲಿ ಬಸವಳಿದು ಬಂದು, ಕೈಗೆ ಸಿಕ್ಕಿದ ಲೋಟವನ್ನೆತ್ತಿ ಗಟಗಟನೆ ಕುಡಿದು, ಕೊನೆಯ ಗುಟುಕಿಗೆ ಏನೋ ತುಟಿಗೆ ತಗುಲಿದಾಗ ಬೆಚ್ಚಿಬಿದ್ದದ್ದನ್ನು ನೆನೆದು ನಾವು ಬಹಳ ಕಾಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಆಮೇಲೆ ಅವರು ನಮ್ಮಲ್ಲಿಗೆ ಬಂದರೆ ಬೊಂಡದ ಎಳನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

ಆ ಹಲ್ಲುಗಳ ಯಜಮಾನರು ನಮ್ಮ ಶೀನ ಮಾಮ, ಅಮ್ಮನ ತಮ್ಮ. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿದ್ದು ಮಳೆಗಾಲಕ್ಕೊಮ್ಮೆ ಊರಿಗೆ ಬರುವವರಾದ್ದರಿಂದ, ನಾನು ನಡೆಯಲು ಕಲಿತದ್ದೂ ಬೈಸಿಕೊಳ್ಳಲು ಕಲಿತದ್ದೂ ಮಾಮನ ಕೈಯಲ್ಲೇ. ಮಾಮ ಮದುವೆಯಾಗಿರಲಿಲ್ಲ, ಯಾಕೆಂದು ಕೇಳಿದರೆ, ಊರವರ ಮದುವೆಗೆಲ್ಲ ನುಡಿಸಿ ನುಡಿಸಿ ತನಗೆ ಮದುವೆಯೇ ಸಾಕಾಗಿಹೋಗಿದೆ ಎನ್ನುತ್ತಿದ್ದರು. ನುಡಿಸುತ್ತಿದ್ದದ್ದು ಸ್ಯಾಕ್ಸೊಫೋನ್. ಈಚೆ ಉಚ್ಚಿಲದಿಂದ ಆಚೆ ಕಾರ್ಕಳದವರೆಗೆ ಮದುವೆಯ ಧಾರೆಗಾಗಲಿ, ದೇವಸ್ಥಾನದ ಉತ್ಸವಕ್ಕಾಗಲಿ, ಹೊಸಮನೆಯ ಒಕ್ಕಲಿಗಾಗಲಿ ಶೀನ ಮಾಮನ ವಾಲಗವೇ ಆಗಬೇಕು. ಬೇರೆಯವರು ಬಂದರೆ ಜನ ಊಟ ಮುಗಿಸಿ ಕೈತೊಳೆಯುವಾಗ ಅದನ್ನೊಂದು ಮಾತು ಹೇಳಿಯೇ ಹೋಗುತ್ತಿದ್ದರು.

ಇನ್ನು ನನ್ನ ಸಮಾಚಾರ. ನಾನು ಆಗ ಉಡುಪಿಯ ಒಂದು ಸಣ್ಣ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಅಂದರೆ ಬೇರೆಯವರ ತಪ್ಪು ಹುಡುಕಿ ಅನ್ನ ತಿನ್ನುವ ಕೆಲಸ. ಮದುವೆಯ ಕಾಗದದಲ್ಲಿ 'ವಧು' ಇರಬೇಕಾದಲ್ಲಿ 'ವಧೆ' ಆಗದಂತೆ ಕಾಯುವುದು ನನ್ನ ಧರ್ಮವಾಗಿತ್ತು. ಈ ಕೆಲಸ ಮಾಡುವವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಹಣೆ, ದೇವರ ಪಟದ ಕೆಳಗಿನ ಶ್ಲೋಕ, ಯಾವುದನ್ನೂ ಓದಲಿಕ್ಕೆಂದು ಓದುವುದಿಲ್ಲ, ತಪ್ಪು ಎಲ್ಲಿದೆ ಎಂದು ನೋಡಲಿಕ್ಕೆ ಓದುತ್ತೇವೆ. ಅಮ್ಮನಂತೂ ನಾನು ಊಟಕ್ಕೆ ಕೂತರೆ ಸಾರಿನಲ್ಲೂ ಕರಡು ತಿದ್ದುತ್ತೇನೆಂದು ಮೂಗು ಮುರಿಯುತ್ತಿದ್ದರು.

ಸ್ಯಾಕ್ಸೊಫೋನ್ ನಮ್ಮ ಮಂಗಳವಾದ್ಯ ಎಂದರೆ ದೂರದವರು ಈಗಲೂ ಕಣ್ಣು ಕಣ್ಣು ಬಿಡುತ್ತಾರೆ. ಯಾವುದೋ ಸೀಮೆಯಲ್ಲಿ ಹುಟ್ಟಿ, ಸೈನ್ಯದ ಬ್ಯಾಂಡಿನಲ್ಲಿ ಬೆಳೆದು, ಅರಮನೆಯ ಅಂಗಳಗಳಿಗೆ ಬಂದು, ಕೊನೆಗೆ ನಮ್ಮ ದೇವಸ್ಥಾನದ ಪ್ರಾಕಾರದಲ್ಲಿ ಬಿಳಿ ಪಂಚೆ ಉಟ್ಟವರ ತೊಡೆಯ ಮೇಲೆ ಕುಳಿತ ಈ ಹಿತ್ತಾಳೆಯ ಸೊಂಡಿಲು ಹೊರಗಿನದೆಂದು ನಮಗೆ ಯಾರಿಗೂ ಅನ್ನಿಸಿದ್ದೇ ಇಲ್ಲ. ಗೇರುಮರವೂ ಹಾಗೆ ಹಡಗಿನಲ್ಲಿ ಬಂದದ್ದಂತೆ. ಮೆಣಸಿನಕಾಯಿಯೂ ಅಷ್ಟೇ. ಇವತ್ತು ಮೆಣಸಿಲ್ಲದ ಮೀನುಸಾರನ್ನು ನೆನೆಸಿಕೊಳ್ಳಲಾಗುತ್ತದೆಯೇ ಹೇಳಿ? ಬಂದದ್ದು ಎಲ್ಲಿಂದ ಎಂದು ಕೇಳುವ ಹೊತ್ತಿಗೆ ಅದು ನಮ್ಮ ನಾಲಿಗೆಯಲ್ಲೇ ಕೂತಾಗಿರುತ್ತದೆ. ನನಗೆ ಬುದ್ಧಿ ತಿಳಿಯುವ ಕಾಲಕ್ಕೆ ಸ್ಯಾಕ್ಸೊಫೋನ್ ಎಂದರೆ ಮದುವೆ, ಮದುವೆ ಎಂದರೆ ಸ್ಯಾಕ್ಸೊಫೋನ್, ಎರಡೂ ಎಂದರೆ ಶೀನ ಮಾಮ.

ಈ ವಾದ್ಯ ಬಾಯಿಯಿಂದ ಕೇಳುವ ಸೇವೆ ಸಣ್ಣದಲ್ಲ. ಮೇಲಿನ ಮುಂಬಲ್ಲುಗಳನ್ನು ಅದರ ತುದಿಯ ಮೇಲೆ ಊರಬೇಕು, ಕೆಳತುಟಿಯನ್ನು ರೀಡೆಂಬ ತೆಳು ಜೊಂಡಿನ ಪಟ್ಟಿಯ ಅಡಿಗೆ ಮೆತ್ತೆಯ ಹಾಗೆ ಇಡಬೇಕು, ನಡುವಿನ ಸಂದಿಯಿಂದ ಜೀವವನ್ನೆಲ್ಲ ಒಳಗೆ ಊದಬೇಕು. ಮಾಮನಿಗೆ ಐವತ್ತು ತುಂಬುವಷ್ಟರಲ್ಲಿ ವಸಡು ಸಡಿಲಗೊಂಡು ಹಲ್ಲುಗಳೆಲ್ಲ ಅಲುಗಾಡತೊಡಗಿದವು. ಮಣಿಪಾಲದ ಹಲ್ಲಿನ ಆಸ್ಪತ್ರೆಯಲ್ಲಿ ಮೇಲಿನ ಸಾಲನ್ನು ಪೂರ್ತಿ ತೆಗೆದು ಸೆಟ್ಟು ಕೂರಿಸಿದರು. ನೋಡಲಿಕ್ಕೆ ಬಹಳ ಚಂದ. ನಗಲಿಕ್ಕೆ, ಫೋಟೋ ತೆಗೆಸಿಕೊಳ್ಳಲಿಕ್ಕೆ, ಮೆತ್ತಗಿನ ನೀರುದೋಸೆ ತಿನ್ನಲಿಕ್ಕೆ ಅಡ್ಡಿಯಿಲ್ಲ. ಊದಲಿಕ್ಕೆ ಹೊರಟರೆ ಮಾತ್ರ ಆ ಸೆಟ್ಟು ಒಳಗೊಳಗೇ ಎದ್ದು ಕೂತು, ಗಾಳಿ ಬದಿಯಿಂದ ಸೋರಿ, ಏರುದನಿಯ ನಟ್ಟನಡುವೆ 'ಕೀಂಯ್' ಎಂದು ಸ್ವರ ಒಡೆದುಹೋಗುತ್ತಿತ್ತು. ಆ ಶಬ್ದ ಬಂದಾಗಲೆಲ್ಲ ಮಾಮ ವಾದ್ಯವನ್ನು ಇಳಿಸಿ ಅಂಗಳದ ಕಡೆ ನೋಡುತ್ತಿದ್ದರು, ಅಲ್ಲಿ ಯಾರಾದರೂ ಕೇಳಿಸಿಕೊಂಡರೋ ಎಂದು. ಮೆಲ್ಲಮೆಲ್ಲನೆ ಒಪ್ಪಿಕೊಂಡ ಕಾರ್ಯಕ್ರಮಗಳನ್ನು ನೆಗಡಿ, ಕೆಮ್ಮು, ಬೆನ್ನುನೋವು ಎಂದು ಬಿಟ್ಟರು. ವಾದ್ಯ ಪೆಟ್ಟಿಗೆ ಸೇರಿತು.

ಇಂಥ ಹೊತ್ತಿನಲ್ಲೇ ನನ್ನ ಮದುವೆ ನಿಶ್ಚಯವಾಯಿತು. ಗಂಡಿನ ಕಡೆಯವರು ಕಾರ್ಕಳದವರು, ಮದುವೆಯೂ ಅಲ್ಲಿಯೇ. ನನಗೆ ಸೀರೆಯ ಬಣ್ಣದ ಬಗ್ಗೆ ಹಟವಿರಲಿಲ್ಲ, ಊಟದ ಬಗ್ಗೆ ಹಟವಿರಲಿಲ್ಲ, ನಿಜ ಹೇಳಬೇಕೆಂದರೆ ಗಂಡಿನ ಬಗ್ಗೆಯೂ ಹೇಳಿಕೊಳ್ಳುವಂಥ ಹಟವಿರಲಿಲ್ಲ. ಒಳ್ಳೆಯವರ ಹಾಗೆ ಕಂಡರು, ಆಮೇಲೆ ಒಳ್ಳೆಯವರೇ ಆದರು. ನನಗೆ ಬೇಕಾಗಿದ್ದದ್ದು ಒಂದೇ ಒಂದು: ಧಾರೆಯ ಹೊತ್ತಿಗೆ ನನ್ನ ಮಾಮ ನುಡಿಸಬೇಕು. ಚಿಕ್ಕಂದಿನಿಂದ ಅವರು ಹೇಳುತ್ತ ಬಂದ ಮಾತು ಅದು; ಊರವರಿಗೆ ನುಡಿಸಿದ್ದೆಲ್ಲ ಅಭ್ಯಾಸಕ್ಕೆ, ನಿನ್ನ ಮದುವೆಗೆ ನುಡಿಸುವುದೇ ನಿಜವಾದ ವಾಲಗ ಎನ್ನುತ್ತಿದ್ದರು.

ಮಾಮ ತಮ್ಮಷ್ಟಕ್ಕೆ ಬೇರೊಂದು ಉಪಾಯ ಹೂಡಿದ್ದರು. ಬೇರೆ ವಾಲಗದವರನ್ನು ಕರೆಯುವುದೆಂದರೆ ತನ್ನ ಕಥೆ ಮುಗಿಯಿತೆಂದು ತಾನೇ ಡಂಗುರ ಹೊಡೆಸಿದ ಹಾಗೆ. ಆದ್ದರಿಂದ ಒಂದು ಒಳ್ಳೆಯ ರೆಕಾರ್ಡು ತರಿಸುವುದು, ಮೈಕಿನವನ ಕೈಯಲ್ಲಿ ಅದನ್ನು ಹಾಕಿಸುವುದು, ಇದೀಗ ಗಲ್ಫಿನಿಂದ ಬಂದ ಹೊಸ ಫ್ಯಾಶನ್ ಎಂದು ಹೇಳಿಬಿಡುವುದು. ಆದರೆ ಮಾಮನ ಜೊತೆ ವರ್ಷಗಟ್ಟಲೆ ಡೋಲು ಬಾರಿಸಿದ ದೂಮಣ್ಣನನ್ನು ಏನು ಮಾಡುವುದು? ರೆಕಾರ್ಡಿನೊಳಗೇ ಡೋಲು ಇದ್ದರೆ ದೂಮಣ್ಣ ಮದುವೆಮನೆಯಲ್ಲಿ ಕೈಕಟ್ಟಿಕೊಂಡು ಕೂರಬೇಕಾಗುತ್ತದೆ. ಹಾಗಾಗಿ ರೆಕಾರ್ಡಿನಲ್ಲಿ ಡೋಲು ಇರಬಾರದು, ತಾಳ ಇರಬಾರದು, ಶ್ರುತಿಪೆಟ್ಟಿಗೆಯೂ ಬೇಡ. ಉಚ್ಚಿಲದ ಹಮೀದ್, ಮಾಮನ ಜೊತೆ ಶಾಲೆಗೆ ಹೋದವರು, ಬಹರೈನಿನಲ್ಲಿ ಕೆಲಸದಲ್ಲಿದ್ದು ರಜೆ ಮುಗಿಸಿ ಹೊರಟಿದ್ದರು. ಅವರಿಗೆ ಮಾಮ ನನ್ನೆದುರೇ ಹೇಳಿದ್ದು ನೆನಪಿದೆ: "ಬರೀ ಸ್ಯಾಕ್ಸೊಫೋನ್ ಇರುವುದು ಬೇಕು ಮಾರಾಯ. ಬೇರೆ ಎಂತದೂ ಇರಬಾರದು."

ನಮ್ಮ ಮನೆಮಾತು ತುಳು, ಹಮೀದರದ್ದು ಬ್ಯಾರಿ, ಅವರಿಬ್ಬರೂ ಸೇರಿದರೆ ತುಳು. ನಾನಿಲ್ಲಿ ಎಲ್ಲವನ್ನೂ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಆದರೆ ಹಮೀದರು ಅದೇ ಮಾತನ್ನು ಬಹರೈನಿನ ಅಂಗಡಿಯಲ್ಲಿ ಯಾವ ಯಾವ ಭಾಷೆಗೆ ಇಳಿಸಿದರೋ ದೇವರಿಗೇ ಗೊತ್ತು. ಅಂಗಡಿಯವನು 'ಸೋಲೋ?', ಅಂದರೆ ಒಬ್ಬನೇ ನುಡಿಸಿದ್ದೇ, ಎಂದು ಕೇಳಿದನಂತೆ. ಇವರು ಬರೀ ಸ್ಯಾಕ್ಸೊಫೋನ್, ಬೇರೆ ಎಂತದೂ ಬೇಡ ಎಂದು ಮತ್ತೆ ಮತ್ತೆ ಒತ್ತಿ ಹೇಳಿದರಂತೆ. ಅವನು ಕಪಾಟಿನ ತೀರ ಹಿಂದಿನಿಂದ, ಯಾರೋ ಊರುಬಿಟ್ಟು ಹೋಗುವಾಗ ಮಾರಿಹೋದ ರಾಶಿಯಿಂದ, ಒಂದನ್ನು ಎಳೆದುಕೊಟ್ಟನಂತೆ. ಮುಂದಿನ ರಜೆಗೆ, ಮದುವೆಗೆ ಇನ್ನೂ ಒಂದೆರಡು ತಿಂಗಳಿರುವಾಗ, ಹಮೀದರು ಆ ರೆಕಾರ್ಡನ್ನೂ ಅದನ್ನು ಹಾಕಲು ಒಂದು ಪೆಟ್ಟಿಗೆಯನ್ನೂ ಹೊತ್ತುಕೊಂಡು ನಮ್ಮ ಮನೆಗೆ ಬಂದರು.

ಎಷ್ಟೆಂದರೂ ಸ್ಯಾಕ್ಸೊಫೋನ್, ಮಂಗಳವಾದ್ಯ. ಅಮ್ಮ ಚಾವಡಿಯಲ್ಲಿ ಕಾಲುದೀಪ ಹಚ್ಚಿಟ್ಟರು. ರೆಕಾರ್ಡಿನ ಪೆಟ್ಟಿಗೆಗೆ ಕುಂಕುಮ ಇಟ್ಟು ಒಂದು ದಾಸವಾಳ ಮುಡಿಸಿದರು. ದೂಮಣ್ಣ ಡೋಲನ್ನು ಹೆಗಲಿಗೆ ಏರಿಸಿಕೊಂಡು, ಒಳ್ಳೆಯ ಜಾಗ ಸಿಕ್ಕಿದ ಕೂಡಲೇ ಸೇರಿಕೊಳ್ಳುವ ತಯಾರಿಯಲ್ಲಿ ಕೋಲು ಎತ್ತಿ ಕೂತರು. ಹಮೀದರು ಮುಳ್ಳನ್ನು ಇಳಿಸಿದರು.

ಮೊದಲು ಏನೂ ಬರಲಿಲ್ಲ. ಆಮೇಲೆ ಯಾರೋ ಉಸಿರು ಬಿಟ್ಟ ಸದ್ದು. ಕೀಲಿಗಳ ಟಕಟಕ. ಮತ್ತೆ ಉಸಿರು. ಇದ್ದಕ್ಕಿದ್ದಂತೆ ಹೊಟ್ಟೆಯಾಳದಿಂದ ಭೋಂ ಎಂದು ಒಂದು ಮೊರೆತ ಎದ್ದು, ಅದರ ತುದಿ ಬಿರಿದು 'ಕೀಂಯ್' ಎಂದು ಚೀರಿ, ಆ ಚೀರಾಟದಿಂದ ಎರಡು ದನಿಗಳು ಒಟ್ಟಿಗೆ ಹೊರಟು ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ರಾಗ ಇಲ್ಲ, ತಾಳ ಇಲ್ಲ, ಮೊದಲಿಲ್ಲ, ಮುಗಿತಾಯವಿಲ್ಲ. ದೂಮಣ್ಣನ ಕೋಲು ಎತ್ತಿದಲ್ಲೇ ನಿಂತಿತ್ತು. ಹಟ್ಟಿಯಲ್ಲಿದ್ದ ದನ ಕೂಗಿತು. ಅಮ್ಮ ಬಾಗಿಲಲ್ಲಿ ನಿಂತು, ಆ ಮನುಷ್ಯನಿಗೆ ಯಾರಾದರೂ ಹೊಡೆಯುತ್ತಿದ್ದಾರಾ ಎಂದು ಕೇಳಿದರು, ತಮಾಷೆಗಲ್ಲ, ನಿಜವಾಗಿ ಮರುಕದಿಂದ.

ತಿರುಗುವ ವೇಗ ತಪ್ಪಿರಬೇಕೆಂದು ಹಮೀದರು ಪೆಟ್ಟಿಗೆಯ ಕಿವಿ ತಿರುವಿ ನೋಡಿದರು. ವೇಗ ಹೆಚ್ಚಿಸಿದರೆ ಸೊಳ್ಳೆಯ ಹಿಂಡಾಯಿತು. ಕಡಿಮೆ ಮಾಡಿದರೆ ಗದ್ದೆಯ ಕೆಸರಿನಲ್ಲಿ ಹೂತ ಕೋಣದ ನಿಟ್ಟುಸಿರಾಯಿತು. ಮತ್ತೆ ಮೊದಲಿನ ವೇಗಕ್ಕೇ ತಂದಾಗ ಮೊದಲಿನ ಅವತಾರವೇ ಬಂತು, ಅಂದರೆ ಆ ಮನುಷ್ಯ ಬೇಕೆಂದೇ ಹಾಗೆ ನುಡಿಸಿದ್ದಾನೆ ಎಂಬುದು ಖಚಿತವಾಯಿತು. ಹಮೀದರ ಮುಖ ನೋಡಲಾಗುತ್ತಿರಲಿಲ್ಲ. ನಾನು ಹೊದಿಕೆಯನ್ನು ಎತ್ತಿಕೊಂಡು ಓದಿದೆ. ಯಾವುದೋ ಯುರೋಪಿನ ಭಾಷೆ, ಅರ್ಥವಾದದ್ದು ಎರಡೇ ಪದ. ಒಂದು ಸ್ಯಾಕ್ಸೊಫೋನ್, ಇನ್ನೊಂದು ಸೋಲೋ. ಗಟ್ಟಿಯಾಗಿ ಓದಿದಾಗ ಅಮ್ಮ, ಸೋಲು ಎಂದು ಹೆಸರಿಟ್ಟುಕೊಂಡು ಬಂದರೆ ಗೆಲ್ಲುವುದು ಹೇಗೆ ಎಂದು ದೀಪ ಒಳಗೆ ಒಯ್ದರು.

ನನ್ನ ಕಸುಬಿನ ಕಣ್ಣಿಗೆ ಅದು ಅಂಟಿಕೊಂಡುಬಿಟ್ಟಿತು. ಸೋಲು, ಸೋಲೋ. ಒಂದಕ್ಕೆ ಕೊಂಬು, ಇನ್ನೊಂದಕ್ಕೆ ಓತ್ವ, ಅಷ್ಟೇ ವ್ಯತ್ಯಾಸ. ನಮ್ಮ ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವವರ ಬೆರಳು ಮೊಳೆಪೆಟ್ಟಿಗೆಯಲ್ಲಿ ಒಂದು ಮನೆ ಆಚೆ ಹೋದರೆ ಸಾಕು. ಒಬ್ಬನೇ ನಿಂತವನಿಗೂ ಸೋತು ನಿಂತವನಿಗೂ ನಡುವೆ ಇರುವ ದೂರ ಅಷ್ಟೇ ಇರಬಹುದೇ ಎಂದು ಮರುದಿನ ಬಸ್ಸಿನಲ್ಲಿ ಉಡುಪಿಗೆ ಹೋಗುವಾಗ ಯೋಚಿಸಿದೆ. ಸೋಲೋ ಎಂಬುದನ್ನು ನಮ್ಮ ಬಾಯಲ್ಲಿ ಸ್ವಲ್ಪ ಎಳೆದರೆ ಅದೊಂದು ಪ್ರಶ್ನೆಯೂ ಆಗುತ್ತದೆ ನೋಡಿ: ಸೋಲೋ, ಗೆಲುವೋ?

ರೆಕಾರ್ಡು ಹಾಕಿದ ಆ ದಿನ ಚಾವಡಿಯಲ್ಲಿ ನಗದೆ, ಬೈಯದೆ ಕೂತಿದ್ದವರು ಮಾಮ ಒಬ್ಬರೇ. ಎಲ್ಲರೂ ನಕ್ಕು, ಬೈದು, ಹಮೀದರನ್ನು ಸಮಾಧಾನ ಮಾಡಿ ಮುಗಿದ ಮೇಲೆ ಅವರು ಇನ್ನೊಮ್ಮೆ ಹಾಕು ಎಂದರು. ಇನ್ನೊಮ್ಮೆ ಹಾಕಿದ್ದಾಯಿತು. ಅವರ ಕುತ್ತಿಗೆ ಕೋಳಿಯಂತೆ ಒಂದು ಬದಿಗೆ ಓರೆಯಾಗಿತ್ತು. ಆ ಕೀಂಯ್ ಬಂದಾಗ ಅವರ ತುಟಿ ತಾನಾಗಿ ಒಳಗೆ ಮಡಚಿಕೊಂಡಿತು. ಮುಳ್ಳು ಎತ್ತಿದ ಮೇಲೆ ಅವರು ಕೇಳಿದ್ದು ಇದನ್ನು:

"ಇವನಿಗೆ ಹಲ್ಲು ಉಂಟಾ?"

ನಾವೆಲ್ಲ ನಕ್ಕೆವು. ಮಾಮ ನಗಲಿಲ್ಲ. ಈ ಶಬ್ದ ತನಗೆ ಗೊತ್ತುಂಟು, ಇದು ಹಲ್ಲು ಹೋದ ಬಾಯಿಯ ಶಬ್ದ, ಆದರೆ ಇವನು ಅದು ಬಂದಾಗ ನಿಲ್ಲಿಸುವುದಿಲ್ಲ, ಬೆನ್ನು ಹತ್ತುತ್ತಾನೆ ಎಂದರು. ನಡುವೆ ಎಲ್ಲಿಯೂ ಉಸಿರು ಕಡಿಯದೆ ಬಹಳ ಹೊತ್ತು ಎಳೆದ ಒಂದು ಜಾಗ ಇತ್ತು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಮೂಗಿನಿಂದ ಉಸಿರೆಳೆಯುವ ವಿದ್ಯೆ ಅದು, ನಾಗಸ್ವರದವರದ್ದು, ಅದು ಇವನಿಗೆ ಎಲ್ಲಿಂದ ಸಿಕ್ಕಿತು ಎಂಬುದು ಅವರ ಎರಡನೆಯ ಪ್ರಶ್ನೆ. ಹೊದಿಕೆಯ ಮೇಲೆ ಆ ಮನುಷ್ಯನ ಚಿತ್ರವಿತ್ತು. ಕಣ್ಣು ಮುಚ್ಚಿ, ವಾದ್ಯವನ್ನು ಬಾಯಿಗೆ ತುರುಕಿಕೊಂಡು, ಕೆನ್ನೆ ಒಳಗೆಳೆದುಕೊಂಡು ನಿಂತಿದ್ದ. ಬಾಯಿ ಮುಚ್ಚಿದ್ದರಿಂದ ಒಳಗಿನ ಸಂಗತಿ ತಿಳಿಯುವಂತಿರಲಿಲ್ಲ. ನನ್ನ ಕರಡು ನೋಡುವ ಭೂತಗನ್ನಡಿಯನ್ನು ಮಾಮ ಕೇಳಿ ಪಡೆದು, ಆ ಚಿತ್ರದ ತುಟಿಯ ಮೇಲೆ ಹಿಡಿದು ನೋಡಿದರು. ಅಚ್ಚಿನ ಚುಕ್ಕೆಗಳು ದೊಡ್ಡದಾದವು, ಹಲ್ಲು ಮಾತ್ರ ಕಾಣಲಿಲ್ಲ.

ಮರುವಾರ ನಾವಿಬ್ಬರೂ ಮಣಿಪಾಲಕ್ಕೆ ಹೋದೆವು. ಸೆಟ್ಟು ಉಜ್ಜುತ್ತದೆ ಎಂಬ ನೆಪ. ಮಾಮನ ಕಂಕುಳಲ್ಲಿ ರೆಕಾರ್ಡಿನ ಹೊದಿಕೆ ಇತ್ತು. ಹಲ್ಲಿನ ಡಾಕ್ಟರು ಮೈಸೂರು ಕಡೆಯವರು, ಹರೆಯದವರು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ಮಾಮ ಬಾಯಿ ತೆರೆಯುವ ಬದಲು ಹೊದಿಕೆ ತೆರೆದು, ಇವನಿಗೆ ಹಲ್ಲಿದೆಯೋ ಇಲ್ಲವೋ ಕೆನ್ನೆ ನೋಡಿ ಹೇಳಬೇಕು ಎಂದಾಗ ಅವರು ಮೊದಲು ನಕ್ಕರು, ಆಮೇಲೆ ಕಿಟಕಿಯ ಹತ್ತಿರ ಒಯ್ದು ನಿಜಕ್ಕೂ ನೋಡಿದರು. ಹಾಸ್ಟೆಲಿನಲ್ಲಿ ಜೊತೆಗಿದ್ದವನೊಬ್ಬನಿಗೆ ಇಂಥ ಹುಚ್ಚಿತ್ತಂತೆ. ಇದು ಜಾಸ್ ಎಂಬ ಸಂಗೀತ, ಅದರಲ್ಲೂ ಇತ್ತೀಚಿನ ತುಂಟರದ್ದು, ತಾಳ ರಾಗ ಎಲ್ಲ ಬಿಟ್ಟು ವಾದ್ಯದೊಳಗೆ ಇನ್ನೇನೇನಿದೆ ಎಂದು ಕೆದಕಿ ನೋಡುವವರದ್ದು ಎಂದು ವಿವರಿಸಿದರು. ಹಲ್ಲಿನ ವಿಷಯ ಚಿತ್ರ ನೋಡಿ ಹೇಳಲಾಗದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಆಮೇಲೆ ಅವರಿಗೇ ಒಂದು ಕುತೂಹಲ ಹುಟ್ಟಿತು. ಸೆಟ್ಟು ಹಾಕಿಕೊಂಡು ಊದಿದರೆ ಗಾಳಿ ಸೋರುತ್ತದೆ, ಸರಿ. ಸೆಟ್ಟು ತೆಗೆದಿಟ್ಟು, ಮೇಲ್ತುಟಿಯನ್ನೂ ವಸಡಿನ ಮೇಲೆ ಮಡಚಿ ಊದಿ ನೋಡಿದ್ದೀರಾ ಎಂದು ಕೇಳಿದರು. ಮಾಮನ ಮುಖ, ಪಂಚೆ ಬಿಚ್ಚಿಟ್ಟು ಬಸ್ ಸ್ಟ್ಯಾಂಡಿಗೆ ಹೋಗಿದ್ದೀರಾ ಎಂದು ಕೇಳಿಸಿಕೊಂಡವರ ಹಾಗೆ ಆಯಿತು. ಹೊದಿಕೆಯನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡು ಅವರು ಬಸ್ಸಿನ ಕಡೆ ನಡೆದೇಬಿಟ್ಟರು.

ಆದರೆ ಕಿವಿಗೆ ಒಮ್ಮೆ ಹೊಕ್ಕದ್ದು ಸುಮ್ಮನೆ ಹೊರಗೆ ಹೋಗುತ್ತದೆಯೇ? ಮಧ್ಯಾಹ್ನದ ಊಟವಾದ ಮೇಲೆ ಮಾಮ ಕೋಣೆಯ ಬಾಗಿಲು ಎಳೆದುಕೊಂಡು ಆ ರೆಕಾರ್ಡು ಹಾಕುವುದು ರೂಢಿಯಾಯಿತು. ರಜೆಯ ದಿನಗಳಲ್ಲಿ ನಾನೂ ಹೊರಗೆ ಕೂತು ಕೇಳುತ್ತಿದ್ದೆ. ಮೊದಮೊದಲು ಕೆಂಪು ಶಾಯಿಯ ಪೆನ್ನು ಕೈಯಲ್ಲಿದ್ದವಳ ಹಾಗೆ ಕೇಳಿದೆ. ಇಲ್ಲಿ ತಪ್ಪು, ಅಲ್ಲಿ ತಪ್ಪು, ಈ ಸಾಲು ಪೂರ್ತಿ ಹೊಡೆದುಹಾಕಬೇಕು. ಕೆಲವು ದಿನಗಳಾದ ಮೇಲೆ ನನಗೊಂದು ಫಜೀತಿ ಎದುರಾಯಿತು. ಕರಡು ತಿದ್ದುವವಳಿಗೆ ಎದುರಿಗೆ ಮೂಲಪ್ರತಿ ಇರಬೇಕಲ್ಲವೇ? ಮೂಲ ನೋಡಿಯೇ ತಪ್ಪನ್ನು ತಪ್ಪೆನ್ನುವುದು. ಈ ಮನುಷ್ಯನ ಮೂಲಪ್ರತಿ ಎಲ್ಲಿದೆ? ಅವನು ಊದುತ್ತಿರುವ ಹೊತ್ತಿಗೇ ಅದು ಬರೆದಾಗುತ್ತಿದೆ. ಆ ಕೀಂಯ್ ತಪ್ಪೆಂದು ಹೇಳಲು ನನ್ನ ಹತ್ತಿರ ಯಾವ ಹಾಳೆಯಿದೆ? ಇಂಪಾಗಿತ್ತೇ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಇವತ್ತಿಗೂ ನನಗೆ ಆ ಸಂಗೀತ ಹಿಡಿಸಿದೆ ಎನ್ನಲಾರೆ. ಆದರೆ ಪಕ್ಕದ ಕೋಣೆಯಲ್ಲಿ ಯಾರೋ ಒಬ್ಬರೇ ಇದ್ದಾರೆ, ಯಾರೂ ನೋಡುತ್ತಿಲ್ಲ ಎಂದುಕೊಂಡು ಇದ್ದ ಹಾಗೇ ಇದ್ದಾರೆ ಎಂಬ ಭಾವನೆ ಬರುತ್ತಿತ್ತು, ಆ ಭಾವನೆ ಬೇರೆ ಯಾವ ಸಂಗೀತದಿಂದಲೂ ನನಗೆ ಬಂದದ್ದಿಲ್ಲ.

ಒಂದು ಮಧ್ಯಾಹ್ನ ಒಳಗೆ ಎರಡು ಸ್ಯಾಕ್ಸೊಫೋನ್ ಇದ್ದ ಹಾಗೆ ಕೇಳಿತು. ಅಮ್ಮ ಪಾತ್ರೆ ತೊಳೆಯುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಆ ಹೊತ್ತಿಗೆ ಕಿಟಕಿಯ ದಂಡೆಯ ಲೋಟದಲ್ಲಿ ಹಲ್ಲು ಇತ್ತು.

ಇತ್ತ ಹಮೀದರು ಸುಮ್ಮನಿರಲಾಗದೆ ಒದ್ದಾಡುತ್ತಿದ್ದರು. ಒಂದು ದಿನ ತಮ್ಮ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಬಂದು, ಹೇಳಲೋ ಬೇಡವೋ ಎಂದು ತಡವರಿಸಿ, ಒಂದು ಕ್ಯಾಸೆಟ್ಟು ಹಾಕಿದರು. ಮೋಹನ ರಾಗ. ಶುದ್ಧವಾದ, ತುಂಬಿದ, ಎಲ್ಲಿಯೂ ಎಳ್ಳಷ್ಟೂ ಬಿರುಕಿಲ್ಲದ ನಾದ. ಡೋಲಿಲ್ಲ, ತಾಳವಿಲ್ಲ, ಬರೀ ಸ್ಯಾಕ್ಸೊಫೋನ್. ಹಿಂದೊಂದು ರಜೆಯಲ್ಲಿ ಹಮೀದರ ಮನೆಯ ಜಗಲಿಯಲ್ಲಿ ಕೂತು ಮಾಮ ಸುಮ್ಮನೆ ನುಡಿಸಿದ್ದನ್ನು ಅವರು ಹಿಡಿದಿಟ್ಟುಕೊಂಡಿದ್ದರಂತೆ, ಬಹರೈನಿನಲ್ಲಿ ಊರು ನೆನಪಾದಾಗ ಕೇಳಲಿಕ್ಕೆ. ಮಾಮನಿಗೆ ಬೇಕಾದದ್ದು ದೊಡ್ಡ ವಿದ್ವಾಂಸರ ರೆಕಾರ್ಡಿರಬೇಕು, ಮಾಮನದ್ದನ್ನೇ ಮಾಮನಿಗೆ ಹೇಗೆ ಕೊಡುವುದೆಂದು ಹಮೀದರು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲವಂತೆ. ಮಾಮ ಪೂರ್ತಿ ಕೇಳಿದರು. ಮೇಲಿನ ಷಡ್ಜಕ್ಕೆ ಏರುವ ಜಾಗದಲ್ಲಿ ಅವರ ಕಣ್ಣು ತುಂಬಿತು. ಕೊನೆಗೆ ಬೇರೆ ಯಾರದ್ದೋ ಬಗ್ಗೆ ಹೇಳುವವರ ಹಾಗೆ, "ಇವನು ಅಡ್ಡಿಲ್ಲ ಮಾರಾಯ" ಎಂದರು.

ಕ್ಯಾಸೆಟ್ಟೇ ಹಾಕುವುದೆಂದು ತೀರ್ಮಾನವಾಯಿತು. ದೂಮಣ್ಣ ಅದಕ್ಕೆ ಕೂಡಿ ಬಾರಿಸಿ ಅಭ್ಯಾಸ ಮಾಡಿದರು. ಅಮ್ಮನಿಗೆ ಸಮಾಧಾನವಾಯಿತು, ಹಮೀದರಿಗೆ ಮಾನ ಉಳಿಯಿತು, ಎಷ್ಟೆಂದರೂ ನುಡಿಸಿದ್ದು ಮಾಮನೇ ತಾನೇ ಎಂದು ಎಲ್ಲರೂ ನನಗೂ ಹೇಳಿದರು. ನನಗೆ ಮಾತ್ರ ಆ ಲೆಕ್ಕ ಸರಿಬರಲಿಲ್ಲ. ಆ ಕ್ಯಾಸೆಟ್ಟು ಮನೆಯಲ್ಲಿ ದಿನವೂ ತಿರುಗಿ ತಿರುಗಿ ಅದರ ಒಂದೊಂದು ತಿರುವೂ ನನಗೆ ಬಾಯಿಪಾಠವಾಯಿತು, ಬಾಯಿಪಾಠವಾದಷ್ಟೂ ಅದರೊಳಗಿನ ಮಾಮ ದೂರವಾದರು. ಸಾಯದೇ ಇರುವವರಿಗೆ ಹಾರ ಹಾಕಿದ ಫೋಟೋ ತೂಗುಹಾಕಿದ ಹಾಗೆ ಅನ್ನಿಸುತ್ತಿತ್ತು. ಒಂದು ಸಂಜೆ ತಡೆಯಲಾರದೆ, ನನಗೆ ಕ್ಯಾಸೆಟ್ಟು ಬೇಡ, ನೀವು ಬೇಕು ಎಂದು ಅವರಿಗೆ ಹೇಳಿಯೇಬಿಟ್ಟೆ.

ಮಾಮ ಅಂಗಳದ ಕಡೆ ತಿರುಗಿದರು. "ಬೊಚ್ಚುಬಾಯಿ ಬಿಟ್ಟುಕೊಂಡು ಸಭೆಯಲ್ಲಿ ಕೂತುಕೊಳ್ಳಲಿಕ್ಕೆ ನನಗೆ ನಾಚಿಕೆ ಮಗಾ. ಅದನ್ನಾದರೂ ಸಹಿಸಿಯೇನು. ಧಾರೆಯ ಹೊತ್ತಿಗೆ ಸ್ವರ ಒಡೆದರೆ ಅಪಶಕುನ ಅಂತ ಜನ ಹೇಳ್ತಾರೆ. ನಿನ್ನ ಬದುಕಿನ ಮೇಲೆ ನಾನು ಅದನ್ನು ಹಾಕಲಾ?"

"ಒಡೆದರೆ ಒಡೆಯಲಿ" ಎಂದೆ. ಆ ಮಾತು ಮತ್ತೆ ನಮ್ಮಿಬ್ಬರ ನಡುವೆ ಬರಲೂ ಇಲ್ಲ.

ಶಕುನದ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಮಂಗಳವಾದ್ಯ ಎಂದರೆ ಏನು? ಕೆಟ್ಟ ಮಾತು, ಸೀನು, ಅಳು ಯಾವುದೂ ಆ ಗಳಿಗೆಯಲ್ಲಿ ಕಿವಿಗೆ ಬೀಳದಂತೆ ಜೋರಾಗಿ ನುಡಿಸುವುದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅಂದರೆ ಜಗತ್ತಿನ ಬಿರುಕುಗಳನ್ನೆಲ್ಲ ಮುಚ್ಚುವುದು ಅದರ ಕೆಲಸ. ಎಲ್ಲಿಯೋ ಒಬ್ಬ ಮನುಷ್ಯ ಅದೇ ವಾದ್ಯ ಹಿಡಿದು ಬಿರುಕುಗಳನ್ನೇ ಹುಡುಕಿಕೊಂಡು ಹೋದ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವಷ್ಟು ದೊಡ್ಡವಳು ನಾನಲ್ಲ. ಅವನಿಗೆ ಹಲ್ಲಿತ್ತೋ ಇಲ್ಲವೋ ಎಂಬುದೂ ನನಗೆ ಕೊನೆಗೂ ತಿಳಿಯಲಿಲ್ಲ. ಇತ್ತು ಎಂದುಕೊಂಡರೆ ಆಶ್ಚರ್ಯ: ಎಲ್ಲ ಹಲ್ಲೂ ನೆಟ್ಟಗಿದ್ದು ಆ ಶಬ್ದ ಯಾಕೆ ಬೇಕಾಯಿತು ಅವನಿಗೆ? ಇರಲಿಲ್ಲ ಎಂದುಕೊಂಡರೆ ಇನ್ನೂ ಆಶ್ಚರ್ಯ. ನೀವು ಎಲ್ಲಿಯಾದರೂ ಅವನನ್ನು ಕೇಳಿದ್ದರೆ, ಕಂಡಿದ್ದರೆ, ನನಗೆ ತಿಳಿಸಿ.

ಮದುವೆಯ ದಿನ ಬೆಳಿಗ್ಗೆ ಕಾಪುವಿನಿಂದ ದಿಬ್ಬಣದ ಬಸ್ಸು ಹೊರಟಾಗ ಮಾಮ ಅದರಲ್ಲಿರಲಿಲ್ಲ. ಮೈಕಿನವನ ಜೀಪಿನಲ್ಲಿ ಹಮೀದರ ಜೊತೆ ಮುಂಚೆಯೇ ಹೋಗಿದ್ದಾರೆ ಎಂದರು. ಟೇಪ್‌ರೆಕಾರ್ಡರ್ ಸರಿಯಾಗಿ ಕೂರಿಸಲಿಕ್ಕೆ ಎಂದೂ ಯಾರೋ ಸೇರಿಸಿದರು. ಕಾರ್ಕಳದ ಕರಿಬಂಡೆ ಆಗಲೇ ಬಿಸಿಲಿಗೆ ಕಾದು ಬಿಸಿಯಾಗಿತ್ತು. ಸಭಾಭವನದ ಹಿಂದಿನ ಕೋಣೆಯಲ್ಲಿ ನನ್ನನ್ನು ಕೂರಿಸಿ ತಲೆಗೆ ಇಷ್ಟು ಮಲ್ಲಿಗೆ ಹೇರಿದರು ನೋಡಿ, ಕುತ್ತಿಗೆ ತಿರುಗಿಸುವ ಹಾಗಿರಲಿಲ್ಲ. ಅಮ್ಮನನ್ನು ಮಾಮ ಎಲ್ಲಿ ಎಂದು ಕೇಳಿದೆ. ಅಲ್ಲೇ ಎಲ್ಲೋ ಇದ್ದಾನೆ, ನೀನು ತಲೆ ತಗ್ಗಿಸಿ ನಡೆ ಎಂದರು. ತಲೆ ತಗ್ಗಿಸಿಯೇ ಮಂಟಪಕ್ಕೆ ಬಂದೆ. ವಾಲಗದವರ ಜಾಗ ನನ್ನ ಎಡಬದಿಗೆ, ಹೆಂಗಸರ ಸಾಲಿನ ಆಚೆ. ನನಗೆ ಕಾಣುತ್ತಿದ್ದದ್ದು ನನ್ನ ಕಾಲಬೆರಳು, ಕಲಶದ ನೀರು, ಅಪ್ಪನ ಕೈ.

ಮೇಲಿನ ಮೈಕಿನ ಕೊಂಬುಗಳಿಂದ ಮೋಹನ ರಾಗ ಹೊರಟಿತು. ತುಂಬಿದ ನಾದ. ಕ್ಯಾಸೆಟ್ಟಿನ ಅದೇ ಮೊದಲ ತಿರುವು, ಅದೇ ಎರಡನೆಯ ತಿರುವು, ಎಲ್ಲವೂ ನನಗೆ ಬಾಯಿಪಾಠ. ದೂಮಣ್ಣನ ಡೋಲು ಅಭ್ಯಾಸ ಮಾಡಿದ ಜಾಗದಲ್ಲೇ ಸೇರಿಕೊಂಡಿತು. ಸಭೆಯಲ್ಲಿ ಯಾರೋ ಆಹಾ ಎಂದರು. ನನಗೆ ಅಳು ಒತ್ತರಿಸಿ ಬಂತು. ಮದುಮಗಳು ತವರು ಬಿಡುವ ದುಃಖಕ್ಕೆ ಅಳುತ್ತಾಳೆಂದು ಪಕ್ಕದಲ್ಲಿದ್ದವರು ಬೆನ್ನು ಸವರಿದರು. ಅಪ್ಪ ಅಮ್ಮ ಇಬ್ಬರೂ ಕಲಶ ಎತ್ತಿದರು. ಭಟ್ಟರು ಗಟ್ಟಿಮೇಳ ಎಂದು ಕೈ ಎತ್ತಿದರು. ರಾಗ ಮೇಲಿನ ಷಡ್ಜಕ್ಕೆ ಮೆಟ್ಟಿಲು ಹತ್ತಿತು, ಹತ್ತಿತು, ತುದಿ ಮುಟ್ಟಿತು, ಅಲ್ಲಿ ಒಡೆಯಿತು.

ಕೀಂಯ್. ಇಡೀ ಸಭಾಭವನಕ್ಕೆ ಕೇಳುವ ಹಾಗೆ. ಡೋಲು ಒಂದು ಪೆಟ್ಟು ತಪ್ಪಿತು. ಹೆಂಗಸರ ಸಾಲಿನಲ್ಲಿ ಯಾರೋ ಅಯ್ಯೋ ದೇವರೇ ಎಂದರು. ಆ ಒಡಕು ಹಿಂದೆ ಸರಿಯಲಿಲ್ಲ, ನಾಚಿ ನಿಲ್ಲಲಿಲ್ಲ. ಬಿರಿದ ಸ್ವರವನ್ನು ಹಾಗೆಯೇ ಹಿಡಿದು, ಉಸಿರು ಕಡಿಯದೆ, ಅದು ಎರಡು ದನಿಯಾಗಿ ನಡುಗುವವರೆಗೆ ಎಳೆದು, ಧಾರೆಯ ನೀರು ನಮ್ಮ ಕೈಗಳ ಮೇಲೆ ಬಿದ್ದು ಮುಗಿಯುವವರೆಗೂ ಅಲ್ಲೇ ನಿಂತಿತು. ಕ್ಯಾಸೆಟ್ಟಿನಲ್ಲಿ ಅದು ಇರಲಿಲ್ಲ.

ತಲೆ ತಗ್ಗಿಸಬೇಕಾದ ಗಳಿಗೆಯಲ್ಲಿ ನಾನು ತಲೆ ಎತ್ತಿ ಎಡಕ್ಕೆ ತಿರುಗಿ ನೋಡಿದೆ. ಕಣ್ಣು ಮುಚ್ಚಿತ್ತು, ಕೆನ್ನೆ ಒಳಗೆ ಹೋಗಿತ್ತು, ತುಟಿ ಪೂರ್ತಿ ಮಡಚಿಕೊಂಡಿತ್ತು. ನನ್ನ ಮಾಮ ನುಡಿಸುತ್ತಿದ್ದರು.